ತೊಲೆಯ ಕೆಳಗೆ ಕರೆದ ಹೆಸರು

"ಈ ತೊಲೆ ಕೆಳಗೆ ನಿಂತು ಯಾರನ್ನೂ ಹೆಸರು ಹಿಡಿದು ಕರೀಬೇಡ ತಾಯಿ," ಎಂದ ಹೋಂಗ್ ಅಜ್ಜ. "ಕೆಮ್ಮು, ಸೀನು, ಬೈಯಿ, ಬೇಕಾದ್ರೆ ಹಾಡು ಹೇಳು. ಹೆಸರು ಮಾತ್ರ ಬೇಡ."

ಷುಲಾನ್ ಏಣಿಯ ಆರನೆಯ ಮೆಟ್ಟಿಲ ಮೇಲಿದ್ದಳು. ಕೊರಳಲ್ಲಿ ಅಳತೆ ಪಟ್ಟಿ, ಹಣೆಗೆ ಕಟ್ಟಿದ ದೀಪ, ಹಲ್ಲಿನ ನಡುವೆ ಪೆನ್ಸಿಲ್. ಪೆನ್ಸಿಲನ್ನು ಕೈಗೆ ತೆಗೆದುಕೊಂಡು ನಕ್ಕಳು.

"ಅಜ್ಜ, ಹತ್ತು ಊರಲ್ಲಿ ನೂರು ಮನೆ ಹತ್ತಿ ಇಳಿದಿದ್ದೀನಿ. ಒಂದೊಂದು ಮನೇಲೂ ಒಂದೊಂದು ದೆವ್ವ ಇರುತ್ತೆ. ಸೋರದೇ ಇರೋ ಸೂರು ಮಾತ್ರ ಒಂದೂ ಕಂಡಿಲ್ಲ."

ಅಜ್ಜ ನಗಲಿಲ್ಲ. ಅರವತ್ತು ವರ್ಷ ಉಳಿ ಹಿಡಿದ ಬಡಗಿ ಆತ. ಬೆರಳುಗಳು ಹುರಿಗಟ್ಟಿದ ಬೇರಿನಂತಿದ್ದವು. ಬಾಗಿಲ ಬಳಿ ನಿಂತಿದ್ದ ಮನೆಯ ಯಜಮಾನ ಫಾಂಗ್ ಕೂಡ ನಗಲಿಲ್ಲ. ಆತ ಮುಂಭಾಗದ ಅಂಗಡಿಯಲ್ಲಿ ಬೂಷ್ಟು ಹಿಡಿಸಿದ ಸೋಯಾ ಹಾಲಿನ ತೋಫು ಹುರಿದು ಮಾರುತ್ತಿದ್ದ. ಬಿದಿರಿನ ತಟ್ಟೆಗಳ ಮೇಲೆ ಮೊಲದ ಮರಿಗಳ ಹಾಗೆ ಬಿಳಿ ಕೂದಲು ಬೆಳೆದುಕೊಂಡು ಮಲಗಿದ್ದ ಆ ತೋಫಿನ ಹುಳಿ ನಾತ, ಕಾದ ಎಣ್ಣೆ, ಮೆಣಸಿನಕಾಯಿ, ನೂರಾರು ವರ್ಷದ ಹೊಗೆ ಕುಡಿದ ಕರ್ಪೂರದ ಮರ, ಎಲ್ಲ ಸೇರಿ ಮನೆಯೊಳಗೆ ಒಂದು ದಪ್ಪ ವಾಸನೆ ಕಟ್ಟಿತ್ತು. ಹೊರಗೆ ಸುಡುವ ಬಿಸಿಲು. ಒಳಗೆ, ತೊಟ್ಟಿಯಿಂದ ಇಳಿಯುವ ಚೌಕದಷ್ಟು ಬೆಳಕು ಬಿಟ್ಟರೆ, ಕತ್ತಲೆ.

ಅಡುಗೆ ಕಟ್ಟೆಯ ಹತ್ತಿರ ಫಾಂಗ್‌ನ ಹೆಂಡತಿ ಬಟ್ಟಲಿನ ಅಂಚಿಗೆ ಕಡ್ಡಿಯಿಂದ ಎರಡು ಸಲ ತಟ್ಟಿದಳು. ಟಿಣ್, ಟಿಣ್. ಫಾಂಗ್ ತಿರುಗಿ ಅವಳ ಬಳಿ ಹೋದ. ಈ ಮನೆಯವರು ಒಬ್ಬರನ್ನೊಬ್ಬರು ಕರೆಯುವುದೇ ಹೀಗೆ. ಷುಲಾನ್ ಅದನ್ನು 'ಸ್ಥಳೀಯ ಪದ್ಧತಿ' ಎಂದು ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದಳು.

ಹಳೆಯ ಮನೆಗಳನ್ನು ಅಳೆದು ದಾಖಲಿಸಲು ಅವಳು ನಾನ್‌ಜಿಂಗ್‌ನಿಂದ ಈ ಹುಯ್‌ಜೋ ಹಳೆಯ ಪೇಟೆಗೆ ಬಂದು ಹನ್ನೊಂದು ದಿನವಾಗಿತ್ತು. ನದಿಯ ಗುಂಟ ಅಗಲವಾದ ರಸ್ತೆ ಬರಲಿತ್ತು. ಮಸಿಗಲ್ಲು ಓಣಿಯ ಹದಿನೇಳು ಮನೆಗಳು ಅದರ ದಾರಿಗೆ ಅಡ್ಡ. ಓಣಿಯ ವಯಸ್ಸು ಸಾಬೀತಾದರೆ ಅದು ಸಂರಕ್ಷಣಾ ಪಟ್ಟಿಗೆ ಸೇರುತ್ತಿತ್ತು, ಇಲ್ಲದಿದ್ದರೆ ಚಳಿಗಾಲದೊಳಗೆ ನೆಲಸಮ. ಆದರೆ ಓಣಿಯ ಹಳೆಯ ಕಾಗದಪತ್ರಗಳೆಲ್ಲ ಎಂದೋ ಬೆಂಕಿಗೆ ಬಿದ್ದಿದ್ದವು. ಉಳಿದಿದ್ದ ಪುರಾವೆ ಒಂದೇ. ಫಾಂಗ್‌ನ ಮನೆಯ ನಡುತೊಲೆಯ ಹೊಟ್ಟೆಗೆ ಮುಚ್ಚಳದಂತೆ ಕೂರಿಸಿದ ಮೊಳದುದ್ದದ ಹಲಗೆ. ಅದರ ಮೇಲೆ ಮನೆ ಕಟ್ಟಿದ ವರ್ಷ, ತಿಂಗಳು, ದಿನ, ಕಟ್ಟಿಸಿದವನ ಹೆಸರು, ಕಟ್ಟಿದ ಬಡಗಿಯ ಹೆಸರು. ಗುರುವಾರ ಬೆಳಿಗ್ಗೆ ಪರಿಣತರ ತಂಡ ಬಂದು ಅದನ್ನು ಕಣ್ಣಾರೆ ನೋಡಬೇಕಿತ್ತು. ಅಂದು ಸೋಮವಾರ.

ಕೆಳಗಿನ ಮೂರು ಗಾಬರಿ ಮುಖಗಳನ್ನು ನೋಡಿ ಷುಲಾನಳಿಗೆ ತುಂಟತನ ಉಕ್ಕಿತು. ಅವಳ ತಮ್ಮ ಬೋವೆನ್ ಹಿತ್ತಲಲ್ಲಿ ಎಲ್ಲೋ ಹಾದಿಗಲ್ಲುಗಳ ಚಿತ್ರ ತೆಗೆಯುತ್ತಿದ್ದ. ಅವಳು ತಲೆಯೆತ್ತಿ, ತೊಲೆಗೆ ಬಾಯಿ ಕೊಟ್ಟು ಕೂಗಿದಳು.

"ಬೋವೆನ್! ಯಾನ್ ಬೋವೆನ್! ಎಲ್ಲಿ ಸತ್ಯೋ, ಬಾರೋ!"

ಕಟ್ಟೆಯ ಬಳಿ ಸೌಟು ಬಾಣಲೆಗೆ ಬಿತ್ತು.

ಅಷ್ಟು ಎತ್ತರದ ಮನೆ, ಕಲ್ಲು ಹಾಸಿದ ತೊಟ್ಟಿ. ದನಿ ತಿರುಗಿ ಬರಬೇಕಿತ್ತು. ಬರಲಿಲ್ಲ. ಹತ್ತಿಯ ಮೂಟೆಯೊಳಗೆ ಹೊಕ್ಕಂತೆ ಅಲ್ಲೇ ಇಂಗಿತು. ಅವಳ ರೆಪ್ಪೆಯ ಮೇಲೆ ಒಂದು ಚಿಟಿಕೆ ಮರದ ಪುಡಿ ಉದುರಿತು. ಮೂಗಿಗೆ ಹಸಿ ತುಂಗ್ ಎಣ್ಣೆಯ ವಾಸನೆ ಬಡಿಯಿತು. ಬಡಗಿಗಳು ಹೊಸ ಮರಕ್ಕೆ ಬಳಿಯುವ ಎಣ್ಣೆ. ಯಾರೋ ಈಗಷ್ಟೇ ಬಳಿದು ಹೋದಂತೆ.

ಸ್ವಲ್ಪ ಹೊತ್ತಿನ ಮೇಲೆ ಬೋವೆನ್ ಕ್ಯಾಮೆರಾ ಒರೆಸುತ್ತ ತಾನಾಗಿ ಒಳಗೆ ಬಂದ.

"ಕೂಗಿದ್ದು ಕೇಳಿಸ್ಲಿಲ್ವೇನೋ?" ಎಂದಳು ಷುಲಾನ್.

ಅವನು ಹುಬ್ಬು ಗಂಟಿಕ್ಕಿ ನೋಡಿದ. "ಏನು? ಬರೀ ತುಟಿ ಆಡಿಸ್ಬೇಡ ಅಕ್ಕ. ಗಟ್ಟಿಯಾಗಿ ಹೇಳು."

ಅವಳು ನಕ್ಕಳು. ತಮ್ಮ ಹುಟ್ಟಾ ಕೋತಿ. ಅಪ್ಪ ಅಮ್ಮ ಒಂದೇ ಬಸ್ಸಿನಲ್ಲಿ ತೀರಿಹೋದಾಗ ಅವನಿಗೆ ಒಂಬತ್ತು, ಅವಳಿಗೆ ಹತ್ತೊಂಬತ್ತು. ಆ ಮಣ್ಣಿನ ದಿನವೂ ಅವಳನ್ನು ನಗಿಸಲು ಟೋಪಿ ತಿರುಗಾಮುರುಗಾ ಹಾಕಿಕೊಂಡು ನಿಂತವನು. ಈಗ ಇಪ್ಪತ್ತೆಂಟಾದರೂ ಬುದ್ಧಿ ಬಂದಿಲ್ಲ ಎಂದುಕೊಂಡಳು.

ಮಧ್ಯಾಹ್ನದ ಹೊತ್ತಿಗೆ ತಮಾಷೆ ಹಳಸಿತು.

ನೂಡಲ್ಸ್ ಅಂಗಡಿಯಲ್ಲಿ ಅವನು ಮಾಲೀಕನ ಜೊತೆ ಹರಟಿದ, ಪಕ್ಕದ ಮೇಜಿನವರ ಜೋಕಿಗೆ ನಕ್ಕ, ಬೀದಿಯ ಆಚೆ ಕೊಡೆ ಬಿಚ್ಚಿದ ಸದ್ದಿಗೂ ತಿರುಗಿದ. ಅಕ್ಕನ ಮಾತಿಗೆ ಮಾತ್ರ ಅವಳ ತುಟಿಯನ್ನೇ ದಿಟ್ಟಿಸಿದ. ಅವನ ಮುಖದ ನಗು ಮೆಲ್ಲಗೆ ಆರಿತು.

"ಅಕ್ಕ, ನಿಜ ಹೇಳು. ನೀನು ಮಾತಾಡ್ತಾ ಇದ್ಯಾ?"

ಡಾಕ್ಟರು ಕಿವಿಗೆ ದೀಪ ಹಾಕಿದರು, ಗಂಟೆ ಬಾರಿಸಿದರು, ಯಂತ್ರಕ್ಕೆ ಕೂರಿಸಿದರು. "ಇವರಿಗೆ ಬಾವಲಿ ಕಿವಿ ಇದೆಯಲ್ಲಮ್ಮ. ಯಾರು ಹೇಳಿದ್ದು ಕೇಳಿಸೋಲ್ಲ ಅಂತ?" ಎಂದರು. ಬೋವೆನ್ ಅವರ ಪ್ರತಿ ಮಾತನ್ನೂ ಕೇಳಿಸಿಕೊಂಡ. ಷುಲಾನ್ ಅವನ ಕಿವಿಗೆ ಬಾಯಿಟ್ಟು ಹೆಸರು ಕೂಗಿದಳು. ಅವಳ ಉಸಿರಿನ ಬಿಸಿಗೆ ಅವನು ಕಚಗುಳಿಯಾದಂತೆ ಭುಜ ಕುಗ್ಗಿಸಿದ, ಅಷ್ಟೆ.

ಅಂದು ಇಬ್ಬರೂ ಫೋನಿನಲ್ಲಿ ಬರೆದು ಬರೆದು ಮಾತಾಡಿದರು. ಮರುದಿನ ಬೆಳಿಗ್ಗೆ ಅವನು ಬಂದು ಅವಳ ಮುಂದೆ ಫೋನು ಹಿಡಿದ.

"ಬರೀ ಖಾಲಿ ಕಳಿಸ್ತಿದ್ದೀಯ. ಯಾಕೆ ಅಕ್ಕ?"

ಪರದೆಯ ತುಂಬ ಅವಳ ಮಾತುಗಳಿದ್ದವು. ಅವಳಿಗೆ ಕಾಣುತ್ತಿದ್ದವು.

ಷುಲಾನ್ ಫಾಂಗ್‌ನ ಮನೆಗೆ ಓಡಿದಳು. ಹೋಂಗ್ ಅಜ್ಜ ತೊಟ್ಟಿಯ ಕಟ್ಟೆಯ ಮೇಲೆ ಕುಳಿತಿದ್ದ, ಇವಳಿಗಾಗಿಯೇ ಕಾದವನಂತೆ. ಫಾಂಗ್‌ನ ಹೆಂಡತಿ ಅವಳ ಮುಖ ನೋಡಿದ್ದೇ ಒಲೆ ಆರಿಸಿದಳು. ಕೈ ಹಿಡಿದು ಅಂಗಡಿಯ ಬಾಗಿಲಿಗೆ ಕರೆತಂದಳು.

"ಎದುರಿಗೆ ನೋಡು. ಬಟ್ಟೆ ಚಪ್ಪಲಿ ಅಂಗಡೀಲಿ ಕೂತಿದ್ದಾನಲ್ಲ, ನೀಲಿ ಅಂಗಿ. ಅವನು ನನ್ನ ಮಗ."

ಮೂವತ್ತರ ಆಸುಪಾಸಿನ ಯುವಕ ಚಪ್ಪಲಿಯ ಅಟ್ಟೆ ಹೊಲಿಯುತ್ತಿದ್ದ. ಹತ್ತು ಹೆಜ್ಜೆ ದೂರ.

"ಆರು ವರ್ಷದ ಹಿಂದೆ ಬಾಣಲೆ ಎಣ್ಣೆಗೆ ಬೆಂಕಿ ಹತ್ಕೊಂಡ್ತು. ಇವನು ಒಳಗೆ ಮಲಗಿದ್ದ. ಇಪ್ಪತ್ತೈದು ವರ್ಷ ಬಾಯಿ ಹೊಲ್ಕೊಂಡು ಬಾಳಿದ್ದೆ ಕಣಮ್ಮ. ಆ ಗಾಬರೀಲಿ ಹೆಸರು ಕೂಗ್ಬಿಟ್ಟೆ. ಎದ್ದ. ನನ್ನ ಕೂಗಿಗಲ್ಲ, ಹೊಗೆಗೆ." ಅವಳು ಸೆರಗಿನಂತೆ ಹೆಗಲಿಗೆ ಹಾಕಿಕೊಂಡಿದ್ದ ಒರೆಸುವ ಬಟ್ಟೆಯಿಂದ ಬಾಯಿ ಒತ್ತಿಕೊಂಡಳು. "ಮೊದಲ್ನೇ ದಿನ ದನಿ ಹೋಯ್ತು. ಎರಡನೇ ದಿನ ಬರಹ. ಮೂರನೇ ದಿನ ನಾನು ಅಡ್ಡ ನಿಂತ್ರೂ ಕಾಣ್ಲಿಲ್ಲ, ಮುಟ್ಟಿದ್ರೂ ತಿಳೀಲಿಲ್ಲ. ನಾಲ್ಕನೇ ದಿನ ಅವರಪ್ಪನ ಹತ್ರ ಬಂದು ಕೇಳ್ದ, 'ಅಪ್ಪ, ಅಮ್ಮನ್ನ ಯಾವತ್ತು ಮಣ್ಣು ಮಾಡಿದ್ವಿ?' ಅಂತ. ವರ್ಷಾ ವರ್ಷಾ ಪಿತೃಗಳ ಹಬ್ಬಕ್ಕೆ ಇದೇ ಹೊಸ್ತಿಲಲ್ಲಿ ನನಗೆ ಎಡೆ ಇಟ್ಟು ಕಾಗದದ ದುಡ್ಡು ಸುಡ್ತಾನೆ. ನಾನು ಪಕ್ಕದಲ್ಲೇ ನಿಂತಿರ್ತೀನಿ."

ಷುಲಾನ್ ಹೋಂಗ್ ಅಜ್ಜನತ್ತ ತಿರುಗಿದಳು. "ಏನಿದೆ ಆ ತೊಲೇಲಿ?"

ಹೋಂಗ್ ಅಜ್ಜ ನೆಲ ನೋಡುತ್ತ ಹೇಳಿದ. "ನನ್ನ ಗುರುವಿನ ಗುರು ಹೇಳಿದ್ದು. ಈ ಮನೆ ತೊಲೆ ಏರಿಸೋ ದಿನ ಬಡಗಿ ಮಗ ಮೇಲಿಂದ ಬಿದ್ದ. ಇನ್ನೂ ಉಸಿರಿತ್ತು. ಸೂರಿನ ಮೇಲೆ ನಿಂತು ಮೂರು ಸಲ ಹೆಸರು ಕೂಗಿದ್ರೆ ಹೋಗ್ತಿರೋ ಜೀವ ತಿರುಗಿ ಬರುತ್ತೆ ಅಂತ ನಮ್ಮ ನಂಬಿಕೆ. ಬಡಗಿ ಏಣಿ ಹತ್ತೋಕೆ ಹೋದ. ಮನೆ ಕಟ್ಟಿಸ್ತಿದ್ದ ಯಜಮಾನ ಬಿಡ್ಲಿಲ್ಲ. ಒಳ್ಳೇ ಮುಹೂರ್ತದಲ್ಲಿ ಸಾವಿನ ಕೂಗು ಬೇಡ ಅಂದ. ಬಾಯಿಗೆ ಕೆಂಪು ಬಟ್ಟೆ ತುರುಕಿ ನಾಲ್ಕು ಜನ ಹಿಡ್ಕೊಂಡ್ರು. ಹೊರಗೆ ಊಟ ನಡೀತು. ಒಳಗೆ ಮಗ ಹೋದ."

"ಆಮೇಲೆ?"

"ಬಡಗಿ ಒಂದು ಮಾತೂ ಆಡ್ಲಿಲ್ಲ. ಹಿಡಿದ ಕೆಲಸ ಮುಗಿಸ್ದ. ತೊಲೇಲಿ ಒಂದು ಗೂಡು ಕೊರೆದು, ಬೆರಳುದ್ದದ ಬೊಂಬೆ ಇಟ್ಟು, ಅದರ ಎರಡೂ ಕಿವಿಗೆ ಬೆಣೆ ಹೊಡೆದು ಮುಚ್ಚಿದ. ನನ್ನ ಕರೆ ನನ್ನ ಮಗನಿಗೆ ಮುಟ್ಲಿಲ್ಲ, ಇನ್ನು ಇದರ ಕೆಳಗೆ ಯಾರ ಕರೇನೂ ಯಾರಿಗೂ ಮುಟ್ಟದೇ ಹೋಗ್ಲಿ ಅಂದ."

"ತೆಗೆಯೋ ದಾರಿ ಇಲ್ವಾ?"

"ಇದೆ ಅಂತಾರೆ. ಕೂಗಿದವರೇ ತೆಗೀಬೇಕು. ಬೆಣೆ ತಾನಾಗಿ ಕಳಚೋವರೆಗೂ ತುಂಗ್ ಎಣ್ಣೇಲಿ ಕುದಿಸಿ, ಆಮೇಲೆ ಸುಡ್ಬೇಕು. ಆದ್ರೆ ಯಾರೂ ಮಾಡಿ ನೋಡಿಲ್ಲ ತಾಯಿ. ಮಾಡಿದವರಿಗೆ ಏನಾಗುತ್ತೋ ಗುರುಗಳಿಗೂ ಗೊತ್ತಿರ್ಲಿಲ್ಲ." ಅಜ್ಜ ತಲೆಯೆತ್ತಿದ. "ಆ ಗೂಡಿನ ಮುಚ್ಚಳಾನೇ ನಿನ್ನ ಹಲಗೆ. ಮೊಳೆ ಇಲ್ಲ, ಸಂದಿ ಇಲ್ಲ. ಸೀಳದೇ ಬರೋಲ್ಲ."

ಷುಲಾನ್ ತೊಲೆಯತ್ತ ನೋಡಿದಳು. ನಂತರ ಫಾಂಗ್‌ನ ಹೆಂಡತಿಯತ್ತ.

"ಆರು ವರ್ಷ ಯಾಕೆ ಸುಮ್ನಿದ್ರಿ ಚಿಕ್ಕಮ್ಮ?"

"ಮಾವ ಇದ್ರು. ಹಲಗೆ ಮುಟ್ಟಿದ್ರೆ ನನ್ನ ಹೆಣ ನೋಡ್ತೀರಿ ಅಂದ್ರು. ಅವರು ಹೋಗೋ ಹೊತ್ತಿಗೆ ರಸ್ತೆ ಸುದ್ದಿ ಬಂತು. ಓಣಿಯೋರೆಲ್ಲ ಬಂದು ಕೈ ಮುಗಿದ್ರು. ಒಬ್ಬಳ ಮಗನಿಗೋಸ್ಕರ ಹದಿನೇಳು ಮನೆ ಬೀಳಿಸ್ತೀಯಾ ಅಂದ್ರು." ಅವಳು ಒರೆಸುವ ಬಟ್ಟೆಯನ್ನು ಮಡಚಿ ಮತ್ತೆ ಬಿಚ್ಚಿದಳು. "ಈಗ ನಿನ್ನ ಸರದಿ. ಸೀಳೋದಾದ್ರೆ ನಾನು ಅಡ್ಡ ಬರೋಲ್ಲ."

ಷುಲಾನ್ ಮನಸ್ಸಿನಲ್ಲೇ ದಿನ ಎಣಿಸಿದಳು. ಸೋಮವಾರ ಬೆಳಿಗ್ಗೆ ಕರೆದದ್ದು. ಗುರುವಾರ ಹತ್ತು ಗಂಟೆಗೆ ತಂಡ. ಅವರು ನೋಡಿ ರುಜು ಹಾಕಿದ ಗಳಿಗೆಯಲ್ಲೇ ಸೀಳಬಹುದು. ಓಣಿಯೂ ಉಳಿಯುತ್ತದೆ, ತಮ್ಮನೂ. ಇನ್ನೆರಡೇ ದಿನ. ಇದೆಲ್ಲ ನಿಜವೇ ಆಗಿದ್ದರೆ, ಎಂದು ಒಳಗೆ ಇನ್ನೂ ಒಂದು ಹಟದ ದನಿ ಗೊಣಗುತ್ತಿತ್ತು.

"ಗುರುವಾರ ಸೀಳ್ತೀನಿ," ಎಂದಳು.

ಹೋಂಗ್ ಅಜ್ಜ ಎದ್ದು ಕೋಲು ಊರಿಕೊಂಡ. "ಬೆಣೆ ಇದ್ದಷ್ಟು ಹೊತ್ತೂ ಒಳಕ್ಕೆ ಇಳೀತಾ ಇರುತ್ತೆ," ಎಂದಷ್ಟೇ ಹೇಳಿ ಹೊರಟುಹೋದ.

ಬುಧವಾರ ಷುಲಾನ್ ತಮ್ಮನ ಕೈ ಬಿಡಲಿಲ್ಲ. ವಸತಿಗೃಹದ ಅಂಗಳದಲ್ಲಿ ದಾಳಿಂಬೆ ಗಿಡದ ಕೆಳಗೆ ಅವನ ಬೆರಳಿಗೆ ಬೆರಳು ಹೆಣೆದು ಕುಳಿತಿದ್ದಳು. ಬೆಳಿಗ್ಗೆ ಅವನು ಅವಳ ಹೆಗಲಿಗೆ ಒರಗಿದ್ದ. ಮಧ್ಯಾಹ್ನ ಅವನ ನೋಟ ಅವಳ ಮುಖದ ಮೇಲೆ ನಿಲ್ಲದೆ ಜಾರತೊಡಗಿತು, ಎಣ್ಣೆ ಸವರಿದ ತಟ್ಟೆಯ ಮೇಲಿನ ನೀರಿನಂತೆ. ಸಂಜೆಯಾಗುವ ಮೊದಲೇ ಅವನು ಥಟ್ಟನೆ ಎದ್ದು ನಿಂತ. ಅಂಗಳದ ನಾಲ್ಕೂ ಮೂಲೆ ನೋಡಿದ. ಅವಳು ಹಿಡಿದಿದ್ದ ಕೈಯಿಂದಲೇ, ಅವಳ ಬೆರಳುಗಳು ಹೆಣೆದುಕೊಂಡಿದ್ದಂತೆಯೇ, ಹಣೆಯ ಬೆವರು ಒರೆಸಿಕೊಂಡ.

"ಅಕ್ಕ? ಅಕ್ಕಾ, ಎಲ್ಲಿದ್ದೀಯ? ಬಾ ಅಕ್ಕ, ನನಗೆ ಹೆದರಿಕೆ ಆಗ್ತಿದೆ."

"ಇಲ್ಲೇ ಇದ್ದೀನೋ! ಇಲ್ಲೇ!" ಅವಳು ಅವನ ಭುಜ ಹಿಡಿದು ಅಲುಗಾಡಿಸಿದಳು. ಅಂಗಿ ಅಲುಗಿತು. ಅವನು ಗಾಳಿ ಬೀಸಿತೆಂದು ಗುಂಡಿ ಹಾಕಿಕೊಂಡ.

ಗುರುವಾರ ತಂಡ ಹತ್ತಕ್ಕೆ ಬರಲಿಲ್ಲ. ಹತ್ತೂವರೆಗೂ ಬರಲಿಲ್ಲ. ಷುಲಾನ್ ಬಾಗಿಲಿಗೂ ತೊಟ್ಟಿಗೂ ಅಲೆದಳು. ಫಾಂಗ್ ತಾನೇ ಹೋಗಿ ಬೋವೆನ್‌ನನ್ನು ಕರೆತಂದು ಕಂಬದ ಬಳಿ ನಿಲ್ಲಿಸಿದ್ದ. ಬೋವೆನ್ ಅವನನ್ನು ಕೇಳುತ್ತಿದ್ದ, "ಯಜಮಾನ್ರೇ, ನಾನು ಈ ಊರಿಗೆ ಒಬ್ಬನೇ ಬಂದ್ನಾ?"

ಹನ್ನೊಂದಕ್ಕೆ ಮೂವರು ಬಂದರು. ಟಾರ್ಚು ಹಾಕಿದರು. ಕನ್ನಡಕ ಬದಲಿಸಿದರು. ಅಕ್ಷರ ಅಕ್ಷರ ಓದಿದರು. ಚಹಾ ಕುಡಿದರು. ಮತ್ತೆ ಓದಿದರು. ಕೊನೆಗೆ ಹಿರಿಯ ಪರಿಣತ ಷುಲಾನಳ ಬೆನ್ನು ತಟ್ಟಿ, "ಇಷ್ಟು ಸೊಗಸಾದ ಹಲಗೆ ನಾನು ಕಂಡಿಲ್ಲಮ್ಮ. ಜೋಪಾನ," ಎಂದು ರುಜು ಹಾಕಿದ. ಸುದ್ದಿ ಓಣಿಗೆ ಹಬ್ಬಿತು. ಯಾರೋ ಪಟಾಕಿ ಸರ ಹಚ್ಚಿದರು. ಹದಿನೇಳು ಮನೆಗಳ ಜನ ಹೊಸ್ತಿಲಿಗೆ ಬಂದು ಅಳುತ್ತ ನಗುತ್ತಿದ್ದರು.

ತಂಡದ ಕಾರು ತಿರುವು ದಾಟಿದ್ದೇ ತಡ, ಷುಲಾನ್ ಉಳಿ ಸುತ್ತಿಗೆ ಹಿಡಿದು ಏಣಿ ಹತ್ತಿದಳು.

ಕೈ ಏಳಲಿಲ್ಲ. ಹದಿನಾರು ವರ್ಷ ಇಂಥ ಹಲಗೆಗಳ ದೂಳನ್ನು ಕುಂಚದಿಂದ ಕೊಡವಿದ ಕೈ ಅದು. ಕೆಳಗೆ ನೋಡಿದಳು. ಕಂಬಕ್ಕೆ ಒರಗಿ ಬೋವೆನ್ ನಿಂತಿದ್ದ. ಏಣಿಯ ಮೇಲೆ ಯಾರೂ ಇಲ್ಲವೆಂಬಂತೆ ತೊಟ್ಟಿಯ ಆಕಾಶ ನೋಡುತ್ತಿದ್ದ.

ಬಡಿದಳು.

ಹಲಗೆ ಕಿರುಚಿತು. ವರ್ಷದ ಅಕ್ಷರ ಸೀಳಿತು. ಇನ್ನೊಂದು ಏಟು. ಯಜಮಾನನ ಹೆಸರು ಎರಡಾಯಿತು. ಮೂರನೆಯ ಏಟಿಗೆ ಬಡಗಿಯ ಹೆಸರು ಚಕ್ಕೆಯೆದ್ದು ಕೆಳಗೆ ಬಿತ್ತು. ಕಪ್ಪು ಗೂಡು ಬಾಯಿ ತೆರೆಯಿತು. ಹಸಿ ಎಣ್ಣೆಯ ವಾಸನೆ. ಅದರ ಹಿಂದೆ ಹಸಿ ನೆತ್ತರಿನದು. ಕೈ ಹಾಕಿದಳು. ಮೆತ್ತಗಿನ ಬಟ್ಟೆ, ಬಡಗಿಯ ಬಾಯಿಗೆ ತುರುಕಿದ್ದ ಕೆಂಪು ಬಟ್ಟೆ. ಒದ್ದೆ. ಇಷ್ಟು ವರ್ಷವಾದರೂ ಎಂಜಲಿನಿಂದ ಒದ್ದೆ. ಅದರೊಳಗೆ ಬೆರಳುದ್ದದ ಬೊಂಬೆ. ಬೆಚ್ಚಗಿತ್ತು. ಬಾಯಿ ಅಗಲ ತೆರೆದಿತ್ತು. ಎರಡು ಕಿವಿಯಲ್ಲೂ ಬೆಣೆ, ತನ್ನ ತಲೆ ಮುಳುಗುವವರೆಗೆ ಇಳಿದುಬಿಟ್ಟಿತ್ತು.

"ಎಣ್ಣೆ! ಎಣ್ಣೆ ಕಾದಿದ್ಯಾ ಚಿಕ್ಕಮ್ಮ?"

"ಕಾದಿದೆ! ಬೇಗ ಇಳಿ!"

ಬಾಣಲೆಯಲ್ಲಿ ತುಂಗ್ ಎಣ್ಣೆ ಹೊಗೆಯಾಡುತ್ತಿತ್ತು. ಇಕ್ಕಳದಲ್ಲಿ ಹಿಡಿದು ಮುಳುಗಿಸಿದಳು. ಎಣ್ಣೆ ಉಕ್ಕಿತು. ಗುಳ್ಳೆಗಳು ಒಡೆದವು. ಒಂದೊಂದು ಗುಳ್ಳೆಯೂ ಒಡೆಯುವಾಗ ಒಂದೊಂದು ದನಿ. ಹೆಂಗಸಿನದು. ಮಗುವಿನದು. ಮುದುಕನದು. ಎಲ್ಲರೂ ಯಾರನ್ನೋ ಕರೆಯುತ್ತಿದ್ದರು. ಫಾಂಗ್ ಕಿವಿ ಮುಚ್ಚಿಕೊಂಡು ಕುಸಿದ. ತೊಟ್ಟಿಯ ಬೆಳಕಿನ ಚೌಕ ಮಂಕಾಯಿತು. ನಡುಹಗಲಿನ ಬಿಸಿಲು ಕಲ್ಲಿನ ಮೇಲೆ ಬೂದಿಯ ಬಣ್ಣಕ್ಕೆ ತಿರುಗಿತು. ಹೊರಗಿನ ಪಟಾಕಿ ಸದ್ದು ನಿಂತಿತು. ಗುಳ್ಳೆಯೊಂದು ಒಡೆಯಿತು. ಅದು ಅವಳದೇ ದನಿ. ಬೋವೆನ್! ಯಾನ್ ಬೋವೆನ್!

ಟಕ್.

ಒಂದು ಬೆಣೆ ತೇಲಿತು.

ಟಕ್.

ಇನ್ನೊಂದು.

"ಒಲೆಗೆ ಹಾಕು! ಸುಡು!" ಹೋಂಗ್ ಅಜ್ಜ ಬಾಗಿಲಲ್ಲಿ ಕೂಗುತ್ತಿದ್ದ. ಅವಳು ಇಕ್ಕಳದಲ್ಲೇ ಬೊಂಬೆಯನ್ನು ಕೆಂಡಕ್ಕೆ ಒತ್ತಿ ಹಿಡಿದಳು. ನೀಲಿ ಜ್ವಾಲೆ ಭಗ್ಗನೆ ಎದ್ದಿತು. ಇಕ್ಕಳ ಕಾದು ಅಂಗೈಗೆ ಕಚ್ಚಿತು. ಬಿಡಲಿಲ್ಲ. ಬೊಂಬೆಯ ತೆರೆದ ಬಾಯಿ ಮೆಲ್ಲಗೆ ಮುಚ್ಚಿಕೊಂಡಿತು. ಬೂದಿಯಾಯಿತು.

ಆಮೇಲೆ ಬಿಸಿಲು ಬಂತು. ಪಟಾಕಿಯ ಸದ್ದು ಬಂತು. ಬೀದಿಯ ಆಚೆ ಸ್ಟೂಲೊಂದು ಉರುಳಿತು. ಯಾರೋ ಓಡಿಬರುವ ಹೆಜ್ಜೆ. ನೀಲಿ ಅಂಗಿಯ ಯುವಕ ಹೊಸ್ತಿಲು ಎಡವಿ ಒಳಗೆ ಬಿದ್ದ. ಕೈಯಲ್ಲಿ ಇನ್ನೂ ಸೂಜಿಯಿತ್ತು.

"ಅಮ್ಮಾ... ನೀನು... ಅಮ್ಮಾ, ಬೆಂಕಿ ಹತ್ಕೊಂಡಾಗ ನನ್ನನ್ನ ಕೂಗಿದ್ಯಾ?"

ಫಾಂಗ್‌ನ ಹೆಂಡತಿಯ ಬಾಯಿಂದ ಮೊದಲು ಗಾಳಿ ಮಾತ್ರ ಹೊರಟಿತು. ನಂತರ ಆರು ವರ್ಷದ ಹಿಂದೆ ಕೂಗಿದ್ದ ಹೆಸರು. "ತೊಂಗ್‌ಹೈ! ನನ್ನ ತೊಂಗ್‌ಹೈ!" ಅವನ ತಲೆಯನ್ನು ಎದೆಗೆ ಒತ್ತಿಕೊಂಡು ಅವಳು ನೆಲದ ಮೇಲೇ ಕುಳಿತುಬಿಟ್ಟಳು.

ಷುಲಾನ್ ನಗುತ್ತ ಅಳುತ್ತ ಕಂಬದತ್ತ ತಿರುಗಿದಳು.

ಕಂಬದ ಬಳಿ ಯಾರೂ ಇರಲಿಲ್ಲ.

ತೊಟ್ಟಿ ನೋಡಿದಳು. ಹಿತ್ತಲ ಬಾಗಿಲು ನೋಡಿದಳು. "ಬೋವೆನ್ ಎಲ್ಲಿ? ಈಗ ಇಲ್ಲೇ ಇದ್ನಲ್ಲ. ಹೊರಗೆ ಹೋದ್ನಾ?"

ಫಾಂಗ್ ಅವಳನ್ನಲ್ಲ, ಅವಳ ಮುಂದಿನ ಖಾಲಿ ಜಾಗವನ್ನು ನೋಡುತ್ತಿದ್ದ. ಹೋಂಗ್ ಅಜ್ಜನ ಕೋಲು ಕೈಯಿಂದ ಜಾರಿ ಬಿತ್ತು.

"ಸುಟ್ಟವಳ ಕೈಗೇ ಅಂಟ್ಕೊಂಡು ಬಿಡ್ತು," ಎಂದ ಅಜ್ಜ, ತನಗೇ ಹೇಳಿಕೊಳ್ಳುವಂತೆ. "ಅಯ್ಯೋ ತಾಯಿ. ಈ ಸಲ ಅದಕ್ಕೆ ಮೂರು ದಿನ ಕಾಯೋ ಅಗತ್ಯಾನೂ ಇರ್ಲಿಲ್ಲ."

"ಏನು ಅಂಟ್ಕೊಂಡ್ತು? ಬೋವೆನ್ ಎಲ್ಲಿ ಅಜ್ಜ? ಚಿಕ್ಕಮ್ಮ, ಬೋವೆನ್ ಎಲ್ಲಿ?"

ಫಾಂಗ್‌ನ ಹೆಂಡತಿ ಮಗನನ್ನು ಬಿಟ್ಟು ಎದ್ದು ಬಂದಳು. ಕೆನ್ನೆಯ ಮೇಲೆ ನೀರು ಇನ್ನೂ ಇಳಿಯುತ್ತಿತ್ತು.

"ನಿನ್ನ ಮುಂದೇನೇ ನಿಂತಿದ್ದಾನಮ್ಮ," ಎಂದಳು. "ಅವನಿಗೆ ನೀನು ಕಾಣ್ತಿದ್ದೀಯ. ನಿನ್ನ ಎರಡೂ ಕೈ ಹಿಡ್ಕೊಂಡು ಅಕ್ಕಾ ಅಕ್ಕಾ ಅಂತಿದ್ದಾನೆ."

ಷುಲಾನ್ ತನ್ನ ಕೈಗಳನ್ನು ನೋಡಿಕೊಂಡಳು. ಎರಡೂ ಗಾಳಿಯಲ್ಲಿ ಜೋತಿದ್ದವು. ಅಂಗೈಯ ಬೊಬ್ಬೆ ಉರಿಯುತ್ತಿತ್ತು. ಅದರ ಮೇಲೆ ಯಾರ ಸ್ಪರ್ಶವೂ ಇರಲಿಲ್ಲ. ಬೆರಳುಗಳನ್ನು ಮೆಲ್ಲಗೆ ಮಡಚಿದಳು. ಏನೂ ಸಿಗಲಿಲ್ಲ.

"ಈಗ ಏನಂತಿದ್ದಾನೆ?"

"ಏನೂ ಇಲ್ಲ. ಅಳ್ತಿದ್ದಾನೆ."

"ಅಳಬೇಡ ಅಂತ ಹೇಳಿ."

"ನೀನೇ ಹೇಳು. ಅವನಿಗೆ ಕೇಳ್ಸುತ್ತೆ."

ಷುಲಾನ್ ಆಕೆಯತ್ತ ತಿರುಗಿದಳು. "ಅವನ ಮುಖ ಎಲ್ಲಿದೆ ಚಿಕ್ಕಮ್ಮ?"

ಆಕೆ ಷುಲಾನಳ ಗದ್ದ ಹಿಡಿದು ಒಂದಿಷ್ಟು ಎಡಕ್ಕೆ ತಿರುಗಿಸಿ, ಒಂದಿಷ್ಟು ಮೇಲಕ್ಕೆತ್ತಿದಳು.

ಷುಲಾನ್ ಆ ಕಡೆಗೇ ನೋಡುತ್ತ ನಿಂತಳು. ಅಲ್ಲಿ ಗೋಡೆಯಿತ್ತು.